ಮನೆ ನಂಬರ್ ನುಂಗಿದ ಲಿಂಕ್: ಇಳಕಲ್ ಸೀರೆ ಅಂಗಡಿಯ ಒಂದು ರೀಡೈರೆಕ್ಟ್ ಪ್ರಕರಣ

ಸೋಮವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಇಳಕಲ್‌ನಿಂದ ಕಾಕಾ ಫೋನ್ ಮಾಡಿದರು. ನನ್ನ ಸ್ವಂತ ಕಾಕಾ ಅಲ್ಲ, ಕೈಮಗ್ಗದ ಸೀರೆ ಅಂಗಡಿ ಇಟ್ಟಿರುವ ಹಿರಿಯರು. ಅವರ ಅಂಗಡಿಯ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ.

"ತಮ್ಮಾ, ಬೆಂಗಳೂರಿನ ಒಬ್ಬಾಕಿ ಒಂದಽ ನಮೂನಿ ಐದು ಸೀರಿ ಕೇಳ್ಯಾಳ. ಮನ್ಯಾಗ ಲಗ್ನ ಐತೇನಂತ ಫೋನ್ ಹಚ್ಚಿದ್ರ, ನಾ ಕೇಳಿದ್ದು ಒಂದಽ ರೀ ಅಂತಾಳ. ಉಳದ ನಾಕು ಯಾರು ಕೇಳಿದ್ರು?"

ಎರಡು ಸಲ ಬಟನ್ ಒತ್ತಿರಬೇಕು ಎಂದೆ. "ಐದು ಸಲ ಒತ್ತತಾರೇನು?" ಎಂದರು. ಉತ್ತರ ಇರಲಿಲ್ಲ. ಅಷ್ಟರಲ್ಲಿ ಫೋನ್ ಅವರ ಸೊಸೆಯ ಕೈಗೆ ಹೋಯಿತು. ಆರ್ಡರ್ ನೋಡುವುದು, ಪಾರ್ಸೆಲ್ ಕಟ್ಟಿಸುವುದು ಎಲ್ಲ ಈ ವೈನಿಯದೇ ಕೆಲಸ. ಅವರ ಹತ್ತಿರ ಇನ್ನೂ ಎರಡು ತಕರಾರು ಇದ್ದವು. ಒಬ್ಬರು ಹಸಿರು ಒಡಲಿಗೆ ಕೆಂಪು ದಡಿ ಬೇಕೆಂದು ಬರೆದಿದ್ದರಂತೆ. ಅಂಗಡಿಗೆ ಬಂದದ್ದು ಬರೀ "ಹಸಿರು ಒಡಲು". ಹೋದದ್ದು ಬೇರೆ ದಡಿಯ ಸೀರೆ, ಅದು ವಾಪಸ್ ಬಂದಿತ್ತು. ಇನ್ನೊಂದನ್ನು ಅವರು ತಕರಾರು ಎಂದೂ ಹೇಳಲಿಲ್ಲ, ಮಾತಿನ ನಡುವೆ ಸುಮ್ಮನೆ ಅಂದರು: "ಹಳ್ಳಿಯವ್ರ ಅಡ್ರೆಸ್ ಚಲೋ ಬರ್ತಾವ ರೀ, ಶಹರದವ್ರದಷ್ಟ ಬರೂದಿಲ್ಲ. ನಾನಽ ಫೋನ್ ಮಾಡಿ ಬರಕೋತೀನಿ."

ಎಷ್ಟು ದಿನದಿಂದ ಎಂದು ಕೇಳಿದೆ. ಎಂಟು ತಿಂಗಳು.

ಹಳ್ಳಿ, ಶಹರ ಎಂದು ಭೇದ ಮಾಡುವ ಕೋಡನ್ನು ನಾನು ಬರೆದಿರಲಿಲ್ಲ. ವೈನಿಗೆ ಏನೋ ಭ್ರಮೆ ಎಂದುಕೊಂಡೆ. ಭ್ರಮೆ ನನಗೇ ಇತ್ತು.

ಹೇಗೆ ಕಟ್ಟಿದ್ದೆ

ಸೈಟ್ ಬರೆದದ್ದು ಪಿಎಚ್‌ಪಿಯಲ್ಲಿ, ಅದು ಸರ್ವರ್ ಮೇಲೆ ಓಡುವ ಪ್ರೋಗ್ರಾಮಿಂಗ್ ಭಾಷೆ. ಹಲವರ ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಮೇಲೆ ಇತ್ತು. ಆರ್ಡರ್‌ಗೆ ಮೂರು ಪುಟ. ಮೊದಲನೆಯದು ಫಾರ್ಮ್. ಅದರಲ್ಲಿ ತುಂಬಿದ್ದು ಪೋಸ್ಟ್ ವಿಧಾನದಲ್ಲಿ, ಅಂದರೆ ಅಡ್ರೆಸ್ ಬಾರ್‌ನಲ್ಲಿ ಕಾಣದೆ ವಿನಂತಿಯ ಒಳಗೇ ಕೂತು, ಎರಡನೆಯ ಪುಟಕ್ಕೆ ಬರುತ್ತದೆ. ಆ ಪುಟ ಎಲ್ಲ ಖಾನೆ ತುಂಬಿದೆಯೇ, ಪಿನ್‌ಕೋಡ್ ಆರಂಕಿಯೇ ಎಂದು ನೋಡಿ ಮೂರನೆಯ ಪುಟಕ್ಕೆ ರೀಡೈರೆಕ್ಟ್ ಮಾಡುತ್ತದೆ. ಮೂರನೆಯದು ಖಾತ್ರಿ ಪುಟ: "ನಿಮ್ಮ ಆರ್ಡರ್ ಬಂದಿದೆ" ಎಂದು ವಿವರ ತೋರಿಸಿ, ಹಣ ಕಳಿಸಲು ಯುಪಿಐ ಕ್ಯೂಆರ್ ಬಿಡಿಸುತ್ತದೆ. ಡೇಟಾಬೇಸ್‌ಗೆ ಬರೆಯುವ ಸಾಲನ್ನೂ ನಾನು ಈ ಮೂರನೆಯ ಪುಟದಲ್ಲೇ ಇಟ್ಟಿದ್ದೆ. ಯಾಕೆಂದು ಈಗ ಕೇಳಿದರೆ, ಅವತ್ತು ಕೈಗೆ ಬಂದದ್ದು ಹಾಗೆ.

ಪೋಸ್ಟ್ ಆದ ಮೇಲೆ ರೀಡೈರೆಕ್ಟ್ ಮಾಡಬೇಕು, ಇಲ್ಲದಿದ್ದರೆ ಗಿರಾಕಿ ಪುಟ ರಿಫ್ರೆಶ್ ಮಾಡಿದಾಗ ಬ್ರೌಸರ್ "ಫಾರ್ಮ್ ಮತ್ತೆ ಕಳಿಸಲೇ?" ಎಂದು ಕೇಳುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ರೀಡೈರೆಕ್ಟ್ ಎಂದರೆ ಸರ್ವರ್ ಬ್ರೌಸರ್‌ಗೆ "ಇಲ್ಲಿ ಬೇಡ, ಅಲ್ಲಿಗೆ ಹೋಗು" ಎಂದು ಹೇಳಿ ಕೈ ತೊಳೆದುಕೊಳ್ಳುವುದು. ಪೋಸ್ಟ್‌ನಲ್ಲಿ ಬಂದ ಮಾಲು ಅಲ್ಲಿಗೇ ಮುಗಿಯಿತು. ಹೊಸ ಪುಟಕ್ಕೆ ಬ್ರೌಸರ್ ಬರಿಗೈಯಲ್ಲಿ ಹೋಗುತ್ತದೆ. ಆಗ ಖಾತ್ರಿ ಪುಟಕ್ಕೆ ಹೆಸರು, ವಿಳಾಸ ತಿಳಿಯುವುದು ಹೇಗೆ? ಬಹಳ ಜನ ಮಾಡುವುದನ್ನೇ ನಾನೂ ಮಾಡಿದೆ, ಎಲ್ಲವನ್ನೂ ಯುಆರ್‌ಎಲ್‌ನ, ಅಂದರೆ ಪುಟದ ವೆಬ್ ವಿಳಾಸದ, ಬಾಲಕ್ಕೆ ಕಟ್ಟಿದೆ. ಕೋಡ್‌ನಲ್ಲಿ ಇಂಗ್ಲಿಷ್ ಹೆಸರುಗಳಿದ್ದವು, ಇಲ್ಲಿ ಓದುವುದಕ್ಕೆ ಕನ್ನಡದಲ್ಲಿ ಬರೆಯುತ್ತೇನೆ:

ಖಾತ್ರಿ.ಪಿಎಚ್‌ಪಿ?ಹೆಸರು=…&ಸೀರೆ=14&ಮೊತ್ತ=2850&ಬಣ್ಣ=…&ಫೋನ್=…&ವಿಳಾಸ=…&ಪಿನ್=…

ಎಲ್ಲಿಗೆ ಹೋಗಬೇಕೆಂದು ಬ್ರೌಸರ್‌ಗೆ ಹೇಳುವ ಲೊಕೇಶನ್ ಹೆಡರ್‌ನಲ್ಲಿ ಈ ಸಾಲನ್ನು ಚುಕ್ಕೆ ಹಾಕಿ ಜೋಡಿಸಿ ಕಳಿಸಿದ್ದೆ (ಪಿಎಚ್‌ಪಿಯಲ್ಲಿ ತುಂಡುಗಳನ್ನು ಅಂಟಿಸುವುದು ಚುಕ್ಕೆ). ಎನ್‌ಕೋಡ್ ಮಾಡಿರಲಿಲ್ಲ, ಅಂದರೆ ವಿಶೇಷ ಚಿಹ್ನೆಗಳನ್ನು ಯುಆರ್‌ಎಲ್‌ಗೆ ಹೊಂದುವ ಸಂಕೇತವಾಗಿ ಬದಲಿಸಿರಲಿಲ್ಲ. ಹೆಡರ್ ಕಳಿಸಿದ ಮೇಲೆ ಕೋಡನ್ನು ಅಲ್ಲಿಗೇ ನಿಲ್ಲಿಸುವ ಎಕ್ಸಿಟ್ ಕೂಡ ಬರೆದಿರಲಿಲ್ಲ. ಹಾಗೆ ಬಿಟ್ಟರೆ ಕೆಳಗಿನ ಕೋಡ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಕೆಳಗೆ ಏನೂ ಇರಲಿಲ್ಲ, ಬಚಾವಾದೆ.

ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಓಡಿತ್ತು. ಕನ್ನಡ ಅಕ್ಷರ ಹೋಯಿತು, ನಡುವೆ ಜಾಗ ಬಿಟ್ಟ ಹೆಸರೂ ಹೋಯಿತು. ಹೋಗಬಾರದಿತ್ತು. ಯುಆರ್‌ಎಲ್‌ನಲ್ಲಿ ಕನ್ನಡ ಅಕ್ಷರಕ್ಕಾಗಲಿ ಖಾಲಿ ಜಾಗಕ್ಕಾಗಲಿ ನೇರ ಪ್ರವೇಶ ಇಲ್ಲ. ಶೇಕಡಾ ಚಿಹ್ನೆಯ ವೇಷ ಹಾಕಿಯೇ ಬರಬೇಕು, ಯುಆರ್‌ಎಲ್‌ಗಳ ನಿಯಮ ಬರೆದಿಟ್ಟ 2005ರ ಆರ್‌ಎಫ್‌ಸಿ 3986 ಎಂಬ ದಸ್ತಾವೇಜು ಹೇಳುವುದು ಅದನ್ನೇ. ನಾನು ಮಾಡದ ಕೆಲಸವನ್ನು ಬ್ರೌಸರ್ ಸದ್ದಿಲ್ಲದೆ ಮಾಡಿಕೊಂಡಿತ್ತು. ಅಲ್ಲೇ ಮೊಂಡುಬಿದ್ದು ದೋಷ ತೋರಿಸಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.

ನವನಗರದ ವಿಳಾಸ

ಅವತ್ತು ಮಧ್ಯಾಹ್ನ ಸುಮ್ಮನೆ ನನ್ನದೇ ವಿಳಾಸ ಹಾಕಿ ಒಂದು ಆರ್ಡರ್ ಕೊಟ್ಟೆ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಡೆಯಾದಾಗ ಕಟ್ಟಿದ ಊರಿದು. ಇಲ್ಲಿ ಓಣಿಗೆ ಹೆಸರಿಗಿಂತ ನಂಬರ್ ಹೆಚ್ಚು: ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಬೆರಳು ತಾನಾಗಿ # ಚಿಹ್ನೆಯಿಂದ ಶುರು ಮಾಡಿತು.

ಖಾತ್ರಿ ಪುಟ ಬಂತು, ವಿಳಾಸದ ಜಾಗ ಖಾಲಿ. ಪಿನ್‌ಕೋಡ್ ಕೂಡ ಇಲ್ಲ.

ಮೇಲೆ ಅಡ್ರೆಸ್ ಬಾರ್ ನೋಡಿದೆ. ಅಲ್ಲಿ ಇದೆ! ಪ್ಲಾಟ್, ಸೆಕ್ಟರ್, ನವನಗರ, ಪಿನ್ ಎಲ್ಲ ಕಣ್ಣೆದುರಿಗೆ. ಸರ್ವರ್‌ನ ಲಾಗ್, ಅಂದರೆ ಬಂದ ವಿನಂತಿಗಳ ದಾಖಲೆ, ತೆರೆದು ಅದೇ ಕ್ಷಣದ ಸಾಲು ಹುಡುಕಿದೆ. ಅಲ್ಲಿ ಸಾಲು "ವಿಳಾಸ=" ಎಂಬಲ್ಲಿಗೆ ನಿಂತಿತ್ತು. ಮುಂದೆ ಏನೂ ಇಲ್ಲ.

ಯುಆರ್‌ಎಲ್‌ನಲ್ಲಿ # ಬಂದರೆ ಅದರ ಮುಂದಿನದು ಫ್ರಾಗ್ಮೆಂಟ್, ಅಂದರೆ ಪುಟದ ಒಳಗಿನ ಯಾವ ಭಾಗಕ್ಕೆ ಹೋಗಬೇಕು ಎಂಬ ಗುರುತು. ಅದು ಬ್ರೌಸರ್‌ಗೆ ಮಾತ್ರ ಸಂಬಂಧಪಟ್ಟದ್ದು, ಸರ್ವರ್‌ಗೆ ಅದನ್ನು ಕಳಿಸುವುದೇ ಇಲ್ಲ. ನಮ್ಮ ಕಡೆ ಶಹರದವರು ಮನೆ ನಂಬರ್ ಹಿಂದೆ # ಹಾಕದೆ ವಿಳಾಸ ಬರೆಯುವುದು ಕಡಿಮೆ. ಹಳ್ಳಿಯವರು "ಮು. ಪೋ." ಎಂದು ಶುರು ಮಾಡಿ ಊರು, ತಾಲೂಕು, ಜಿಲ್ಲೆ ಬರೆದು ಮುಗಿಸುತ್ತಾರೆ; ಅವರ ವಿಳಾಸದಲ್ಲಿ # ಎಲ್ಲಿಂದ ಬರಬೇಕು? ವೈನಿ ಹೇಳಿದ್ದು ಅಕ್ಷರಶಃ ಸರಿ. ಎಂಟು ತಿಂಗಳು ಅವರು ಫೋನ್ ಮಾಡಿ ವಿಳಾಸ ಬರೆದುಕೊಂಡಿದ್ದಾರೆ, ನನಗೆ ಒಂದು ಮಾತೂ ಹೇಳದೆ, ಇಂಥ ಯಂತ್ರಗಳು ಇರುವುದೇ ಹೀಗೆ ಎಂದುಕೊಂಡು.

ದಡಿಯ ಕಥೆ ಆಮೇಲೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಗಿರಾಕಿ ಬರೆದದ್ದು "ಹಸಿರು ಒಡಲು & ಕೆಂಪು ದಡಿ". ಯುಆರ್‌ಎಲ್‌ನ ಪಾಲಿಗೆ & ಎಂದರೆ ಒಂದು ಬೆಲೆ (ಖಾನೆಯಲ್ಲಿ ತುಂಬಿದ ಮಾತು, ರೂಪಾಯಿಯ ಲೆಕ್ಕವಲ್ಲ) ಮುಗಿದು ಮುಂದಿನದು ಶುರು. ಪಿಎಚ್‌ಪಿ ಒಳಗೆ ಏನು ಬಂದಿದೆ ಎಂದು ಮುದ್ರಿಸಿ ನೋಡಿದೆ. "ಬಣ್ಣ" ಎಂಬುದರ ಬೆಲೆ "ಹಸಿರು ಒಡಲು". ಅದರ ಕೆಳಗೆ ನಾನು ಇಟ್ಟೇ ಇಲ್ಲದ ಹೊಸ ಖಾನೆಯೊಂದು ಹುಟ್ಟಿತ್ತು, ಹೆಸರು "ಕೆಂಪು_ದಡಿ", ಬೆಲೆ ಖಾಲಿ. ಖಾನೆಯ ಹೆಸರಿನಲ್ಲಿ ಜಾಗ ಇದ್ದರೆ ಪಿಎಚ್‌ಪಿ ಅದನ್ನು ಅಡಿಗೆರೆ ಮಾಡುತ್ತದೆ. ದಡಿ ಎಲ್ಲಿಗೂ ಹೋಗಿರಲಿಲ್ಲ, ಯಾರೂ ಕೇಳದ ಮೂಲೆಯಲ್ಲಿ ಕೂತಿತ್ತು. + ಚಿಹ್ನೆಯದೂ ಇದೇ ಹಾಡು: ಫೋನ್ ನಂಬರ್ ಹಿಂದೆ +91 ಬರೆದವರದು ಖಾಲಿ ಜಾಗ ಮತ್ತು 91 ಆಗಿ ಬಂದಿತ್ತು, ಏಕೆಂದರೆ ಕ್ವೆರಿ ಸ್ಟ್ರಿಂಗ್, ಅಂದರೆ ಯುಆರ್‌ಎಲ್‌ನಲ್ಲಿ ? ಚಿಹ್ನೆಯ ಮುಂದಿನ ಬಾಲ, ಬಿಡಿಸುವಾಗ + ಎಂದರೆ ಜಾಗ ಎಂಬುದು ಹಳೆಯ ರೂಢಿ.

ಸಂಜೆ ಕಾಕಾಗೆ ವಿವರಿಸಿದೆ. ಅವರು ನಗಲಿಲ್ಲ. "ನಾವು ಸೆರಗಿನ ಹಾಸು ಒಡಲಿನ ಹಾಸಿಗೆ ಕೂಡಸೂಮುಂದ ಒಂದೊಂದ ಎಳಿ ಕುಣಿಕಿ ಹಾಕಿ ನೋಡ್ತೀವಿ. ನೀ ಅರ್ಧಾ ಮಾತಽ ಬಿಟ್ಟು ನೇದೀಯಲ್ಲೋ ತಮ್ಮಾ" ಎಂದರು. ಇಳಕಲ್ ಸೀರೆಯ ಸೆರಗು ಹಾಗೆಯೇ, ಬೇರೆಯಾಗಿ ಹೂಡಿದ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಡಲಿಗೆ ಕುಣಿಕೆಯಿಂದ ಜೋಡಿಸುತ್ತಾರೆ. ತಿರುಗಿ ಮಾತಾಡುವಂತಿರಲಿಲ್ಲ.

ರಾತ್ರಿ ಮಾಡಿದ ರಿಪೇರಿ

ಮೊದಲ ಪ್ರಯತ್ನ ನಾಚಿಕೆಗೇಡು. ಇಡೀ ಯುಆರ್‌ಎಲ್ ಅನ್ನೇ ಎನ್‌ಕೋಡ್ ಫಂಕ್ಷನ್‌ಗೆ ಕೊಟ್ಟೆ. ಬೆಲೆಗಳ ಜೊತೆಗೆ ನನಗೆ ಬೇಕಾದ ? & = ಚಿಹ್ನೆಗಳೂ ವೇಷ ಹಾಕಿಕೊಂಡವು, ಸರ್ವರ್ ಆ ಉದ್ದ ಹೆಸರಿನ ಕಡತವನ್ನೇ ಹುಡುಕಿ 404, ಅಂದರೆ ಸಿಗಲಿಲ್ಲ, ಎಂದು ಉತ್ತರ ಕೊಟ್ಟಿತು. ಎನ್‌ಕೋಡ್ ಮಾಡಬೇಕಾದದ್ದು ಒಂದೊಂದು ಬೆಲೆಯನ್ನು ಬೇರೆಬೇರೆಯಾಗಿ. ಪಿಎಚ್‌ಪಿಯಲ್ಲಿ ಅದಕ್ಕೆ ಎಚ್‌ಟಿಟಿಪಿ ಬಿಲ್ಡ್ ಕ್ವೆರಿ ಎಂಬ ಫಂಕ್ಷನ್ ಇದೆ: ಹೆಸರು ಮತ್ತು ಬೆಲೆಗಳ ಪಟ್ಟಿ (ಅರೇ) ಕೊಟ್ಟರೆ ಸಾಲು ಕಟ್ಟಿ ಕೊಡುತ್ತದೆ. & ಇದ್ದಲ್ಲಿ %26, # ಇದ್ದಲ್ಲಿ %23. ಕೈಯಿಂದ ಚುಕ್ಕೆ ಹಾಕಿ ಜೋಡಿಸುವ ಚಾಳಿಯನ್ನು ಅವತ್ತೇ ಬಿಟ್ಟೆ.

ಎರಡನೆಯ ಎಡವಟ್ಟು, ಖಾತ್ರಿ ಪುಟದಲ್ಲಿ ಬಂದದ್ದನ್ನು ನಾನೇ ಡಿಕೋಡ್ ಮಾಡಿದ್ದು. ಪಿಎಚ್‌ಪಿ ಅದನ್ನು ಆಗಲೇ ಬಿಡಿಸಿ ಕೈಗೆ ಕೊಟ್ಟಿರುತ್ತದೆ. ಬಿಡಿಸಿದ್ದನ್ನು ಮತ್ತೆ ಬಿಡಿಸಿದರೆ ಕಾಪಾಡಿ ತಂದ + ಚಿಹ್ನೆ ಮನೆ ಬಾಗಿಲಲ್ಲಿ ಮತ್ತೆ ಜಾಗವಾಗುತ್ತದೆ. ಆ ಸಾಲು ತೆಗೆದೆ. ನವನಗರದ ವಿಳಾಸ ಪೂರ್ತಿ ಬಂತು, ದಡಿ ಕೆಂಪಾಯಿತು. ಹನ್ನೆರಡೂವರೆಗೆ ಮಲಗಿದೆ.

ಇಲ್ಲಿಗೆ ಬಿಟ್ಟಿದ್ದರೆ ಪ್ರಕರಣ ಅರ್ಧಕ್ಕೇ ಮುಗಿಯುತ್ತಿತ್ತು. ಐದು ಸೀರೆಯ ಲೆಕ್ಕ ಇನ್ನೂ ಬಗೆಹರಿದಿರಲಿಲ್ಲ.

ಐದು ಸೀರೆ

ಮಾರನೇ ದಿನ ಲಾಗ್‌ನಲ್ಲಿ ಆ ಆರ್ಡರ್‌ನ ಸಾಲುಗಳನ್ನು ಹೊಸೆದು ನೋಡಿದೆ. ಒಂದೇ ಖಾತ್ರಿ ಲಿಂಕ್, ಐದು ಸಲ. ಮೊದಲನೆಯದು ಆ ಅಕ್ಕ ಆರ್ಡರ್ ಕೊಟ್ಟಾಗಿನದು. ಎರಡನೆಯದು ಕೆಲವು ನಿಮಿಷದ ನಂತರ, ಬ್ರೌಸರ್‌ನ ಗುರುತಿನ ಜಾಗದಲ್ಲಿ "ವಾಟ್ಸಾಪ್" ಎಂದು ಬರೆದಿತ್ತು. ಆಮೇಲಿನ ಮೂರು ಬೇರೆಬೇರೆ ಮೊಬೈಲ್‌ಗಳಿಂದ.

ಫೋನ್ ಮಾಡಿ ಕೇಳಿದಾಗ ಅವರು ಸಹಜವಾಗಿ ಹೇಳಿದರು: ಸೀರೆ ತೊಗೊಂಡೆ ನೋಡ್ರಿ ಅಂತ ಮನೆಯವರ ಗ್ರೂಪ್‌ಗೆ ಆ ಪುಟದ ಲಿಂಕ್ ಹಾಕಿದ್ದರು. ಲಿಂಕ್ ಅಂಟಿಸಿದೊಡನೆ ವಾಟ್ಸಾಪ್ ಪ್ರಿವ್ಯೂ ತೋರಿಸಲು ಕಳಿಸುವವರ ಫೋನಿನಿಂದಲೇ ಆ ಪುಟವನ್ನು ಒಮ್ಮೆ ತರಿಸಿಕೊಳ್ಳುತ್ತದೆ. ಅದು ಎರಡನೆಯ ಸೀರೆ. ಅತ್ತಿಗೆ, ನಾದಿನಿ, ಚಿಕ್ಕಮ್ಮ ಯಾರೋ ಮೂವರು ತೆರೆದು ನೋಡಿದರು. ಮೂರು, ನಾಲ್ಕು, ಐದು.

ಡೇಟಾಬೇಸ್‌ಗೆ ಬರೆಯುವ ಸಾಲು ಗೆಟ್ ಪುಟದಲ್ಲಿದ್ದರ ಫಲ ಇದು. ಗೆಟ್ ಎಂದರೆ ನೋಡಲು ಬಂದವರು. ನೋಡಿದ್ದರಿಂದ ಏನೂ ಬದಲಾಗಬಾರದು ಎಂಬುದು ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಯ ಮೂಲ ಒಪ್ಪಂದ. ಅದನ್ನು ನಂಬಿಯೇ ಪ್ರಿವ್ಯೂ ತರಿಸುವವರು, ಹುಡುಕಾಟದ ಬಾಟ್‌ಗಳು ಎಲ್ಲ ಲಿಂಕ್‌ಗಳನ್ನು ಧೈರ್ಯವಾಗಿ ತೆರೆಯುತ್ತವೆ. ಒಪ್ಪಂದ ಮುರಿದವನು ನಾನು. ನಾಲ್ಕು ಹೆಚ್ಚಿನ ಆರ್ಡರ್‌ಗಿಂತ ಕೆಟ್ಟದ್ದು ಇನ್ನೊಂದು: ಆ ಅಕ್ಕನ ಮನೆ ವಿಳಾಸ, ಫೋನ್ ನಂಬರ್ ಲಿಂಕ್‌ನೊಳಗೇ ಕೂತು ಗ್ರೂಪ್‌ಗೆ ಹೋಗಿತ್ತು. ಮನೆಯವರ ಗ್ರೂಪ್ ಆಗಿದ್ದು ಪುಣ್ಯ.

ಅದೇ ವಾರ ನನ್ನ ಅಕ್ಕನ ಮಗಳು ಮನೆಗೆ ಬಂದಿದ್ದಳು, ಬಿಸಿಎ ಓದುತ್ತಾಳೆ. ಲ್ಯಾಪ್‌ಟಾಪ್‌ನಲ್ಲಿ ಖಾತ್ರಿ ಪುಟ ತೆರೆದಿತ್ತು. ಎರಡು ನಿಮಿಷ ದಿಟ್ಟಿಸಿ, ಅಡ್ರೆಸ್ ಬಾರ್‌ನಲ್ಲಿ 2850 ಅಳಿಸಿ 1 ಎಂದು ಒತ್ತಿ ಎಂಟರ್ ಕೊಟ್ಟಳು. "ಮಾಮಾ, ಒಂದು ರೂಪಾಯಿಗೆ ಇಳಕಲ್ ಸೀರಿ!" ಕ್ಯೂಆರ್ ನಿಜವಾಗಿಯೂ ಒಂದು ರೂಪಾಯಿಗೆ ಬಂದಿತ್ತು. ನನ್ನ ಮೈ ಬೆವೆತಿತು. ವೈನಿಗೆ ಹೇಳಿ ಹಳೆಯ ಆರ್ಡರ್‌ಗಳನ್ನೆಲ್ಲ ಬ್ಯಾಂಕಿನ ಜಮೆಯ ಜೊತೆ ತಾಳೆ ನೋಡಿಸಿದೆ, ಎರಡು ದಿನದ ಕೆಲಸ. ಒಂದೂ ಏರುಪೇರು ಇರಲಿಲ್ಲ. ಗಿರಾಕಿಗಳು ನನಗಿಂತ ಒಳ್ಳೆಯವರು.

ಇಳಕಲ್‌ನ ಕಂಪ್ಯೂಟರ್

ಶನಿವಾರ ಖುದ್ದು ಹೋದೆ. ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟು ಕಟ್ಟಿಸಿಕೊಂಡೆ, ತಪ್ಪು ಮಾಡಿದವನು ಬರಿಗೈಯಲ್ಲಿ ಹೋಗಬಾರದಲ್ಲ.

ಅಂಗಡಿಯ ಗಲ್ಲಾದ ಪಕ್ಕ ಒಂದು ಕಂಪ್ಯೂಟರ್. ಫೋನಿನಲ್ಲಿ ಆರ್ಡರ್ ಹೇಳಿದ ಗಿರಾಕಿಗಳ ಪರವಾಗಿ ವೈನಿ ಅದರಲ್ಲೇ ಫಾರ್ಮ್ ತುಂಬುತ್ತಾರೆ. ಸೈಟ್ ತೆರೆಯಲು ಅಡ್ರೆಸ್ ಬಾರ್‌ನಲ್ಲಿ ಮೊದಲ ಅಕ್ಷರ ಒತ್ತಿದೆ. ಕೆಳಗೆ ಪಟ್ಟಿ ಇಳಿಯಿತು: ಯಾರ ಹೆಸರು, ಯಾವ ಸೀರೆ, ಫೋನ್, ಮನೆ, ಎಷ್ಟು ರೂಪಾಯಿ, ಒಂದರ ಕೆಳಗೊಂದು. ಅಂಗಡಿಗೆ ಬಂದವರು ಯಾರಾದರೂ ಒಂದು ಅಕ್ಷರ ಒತ್ತಿದರೆ ಸಾಕಿತ್ತು. ಬ್ರೌಸರ್‌ನ ಹಿಸ್ಟರಿಯಲ್ಲಿ, ಸರ್ವರ್‌ನ ಲಾಗ್‌ನಲ್ಲಿ, ಖಾತ್ರಿ ಪುಟದಿಂದ ನಮ್ಮದೇ ಸೈಟ್‌ನ ಬೇರೆ ಪುಟಕ್ಕೆ ಹೋದಾಗ ಎಲ್ಲಿಂದ ಬಂದರೆಂದು ಹೇಳುವ ರೆಫರರ್ ಸಾಲಿನಲ್ಲಿ ಮತ್ತೊಮ್ಮೆ, ಹೀಗೆ ಒಬ್ಬರ ವಿಳಾಸ ಎಷ್ಟು ಕಡೆ ಪ್ರತಿಯಾಗಿ ಬಿದ್ದಿತ್ತೋ. ಬೇರೆ ಸೈಟ್‌ಗಳಿಗೆ ಹೋಗುವ ರೆಫರರ್ ಅನ್ನು ಕ್ರೋಮ್ 2020ರಿಂದ ಡೊಮೇನ್ ಹೆಸರಿಗೆ ಮೊಟಕು ಮಾಡಿದೆ, ಅಷ್ಟು ಸಮಾಧಾನ. ಎನ್‌ಕೋಡ್ ಮಾಡಿದರೆ ಇದ್ಯಾವುದೂ ಸರಿಹೋಗುವುದಿಲ್ಲ. %23 ಎಂದು ಬರೆದರೂ ಓದಲು ಬರುವವರಿಗೆ ಅದು ಮನೆ ನಂಬರೇ.

ಅಲ್ಲಿದ್ದಾಗಲೇ ಇನ್ನೊಂದು ಹೊರಬಿತ್ತು. ಒಬ್ಬರು ಮೊಮ್ಮಗಳ ಲಗ್ನಕ್ಕೆ ಬೀಗರ ಮನೆಯ ಯಾರಿಗೆ ಯಾವ ಬಣ್ಣ ಎಂದು ಕಾಗದ ಬರೆದಂತೆ ಟಿಪ್ಪಣಿಯ ಖಾನೆಯಲ್ಲಿ ಬರೆದಿದ್ದರು. ಅವರಿಗೆ 414 ಎಂಬ ಸಂಖ್ಯೆಯ ಪುಟ ಬಂದು ಆರ್ಡರ್ ಕೈಬಿಟ್ಟು, ಆಮೇಲೆ ಫೋನಿನಲ್ಲಿ ಹೇಳಿದರಂತೆ. 414 ಎಂದರೆ ಯುಆರ್‌ಎಲ್ ವಿಪರೀತ ಉದ್ದ. ಕನ್ನಡಕ್ಕೆ ಈ ಪೆಟ್ಟು ಜೋರು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರ, ಕೊಂಬು, ಒತ್ತಿನ ಗುರುತಿಗೆ ಮೂರು ಬೈಟ್. ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಅಂದರೆ ಒಂದಕ್ಕೆ ಒಂಬತ್ತು. "ಇಳಕಲ್" ಎಂಬುದು ಯುಆರ್‌ಎಲ್‌ನಲ್ಲಿ 45 ಅಕ್ಷರ, "ಗುಳೇದಗುಡ್ಡ" 90. ಅಪಾಚೆ ಸರ್ವರ್ ಸಾಮಾನ್ಯವಾಗಿ ವಿನಂತಿಯ ಮೊದಲ ಸಾಲನ್ನು 8190 ಬೈಟ್‌ವರೆಗೆ ಒಪ್ಪುತ್ತದೆ. ಲಗ್ನದ ಸೀರೆ ಪಟ್ಟಿ ಅದನ್ನು ದಾಟಿತ್ತು.

ಮಾಲು ಅಂಗಡಿಯಲ್ಲಿ, ಚೀಟಿ ಗಿರಾಕಿ ಕೈಯಲ್ಲಿ

ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆದದ್ದು ಬಹಳ ಸಣ್ಣ ವಿಷಯ. ಎರಡನೆಯ ಪುಟದಲ್ಲಿ ಎಲ್ಲ ವಿವರ ಸರ್ವರ್‌ನ ಕೈಗೆ ಆಗಲೇ ಬಂದಾಗಿದೆ. ಅದನ್ನು ಗಿರಾಕಿಯ ತಲೆ ಮೇಲೆ ಮತ್ತೆ ಹೊರಿಸಿ, ಒಂದು ಸುತ್ತು ಹಾಕಿಸಿ, ಅದೇ ಸರ್ವರ್‌ಗೆ ಯಾಕೆ ತರಿಸುತ್ತಿದ್ದೇನೆ? ಗಿರಣಿಗೆ ಜೋಳ ಒಯ್ದವರು ಡಬ್ಬಿ ಅಲ್ಲಿಟ್ಟು ಚೀಟಿ ಹಿಡಿದುಕೊಂಡು ಬರುತ್ತಾರೆ.

ಈಗಿನ ವ್ಯವಸ್ಥೆ ಹೀಗಿದೆ. ಎರಡನೆಯ ಪುಟ ಪರಿಶೀಲಿಸಿ, ಅಲ್ಲೇ ಡೇಟಾಬೇಸ್‌ಗೆ ಬರೆಯುತ್ತದೆ. ಮೊತ್ತವನ್ನು ಫಾರ್ಮ್‌ನಿಂದ ತೆಗೆದುಕೊಳ್ಳುವುದೇ ಇಲ್ಲ. ಸೀರೆಯ ನಂಬರ್ ನೋಡಿ ದರಪಟ್ಟಿಯಿಂದ ತಾನೇ ಎತ್ತಿಕೊಳ್ಳುತ್ತದೆ. ಆಮೇಲೆ ಆ ಆರ್ಡರ್‌ಗೆ ಒಂದು ಗುರುತು ಹುಟ್ಟಿಸುತ್ತದೆ: ಯಾದೃಚ್ಛಿಕವಾದ 16 ಬೈಟ್, ಬರೆದರೆ 32 ಅಕ್ಷರ. ರೀಡೈರೆಕ್ಟ್‌ನ ಯುಆರ್‌ಎಲ್‌ನಲ್ಲಿ ಹೋಗುವುದು ಅದೊಂದೇ. ಆರ್ಡರ್‌ನ ಕ್ರಮಸಂಖ್ಯೆಯನ್ನೇ ಹಾಕಬಹುದಿತ್ತು, ಆದರೆ 148 ಇದ್ದವರು 149 ಒತ್ತಿ ಪಕ್ಕದವರ ಆರ್ಡರ್ ನೋಡುತ್ತಾರೆ. ನನ್ನ ಅಕ್ಕನ ಮಗಳಂಥವರು ಊರಿಗೊಬ್ಬರಾದರೂ ಇರುತ್ತಾರೆ. ಖಾತ್ರಿ ಪುಟ ಆ ಗುರುತಿನಿಂದ ಆರ್ಡರ್ ಹುಡುಕಿ ತೋರಿಸುತ್ತದೆ, ಬರೆಯುವುದಿಲ್ಲ. ವಿಳಾಸ ಪೂರ್ತಿ ಬೇಕಿದ್ದರೆ ಫೋನ್‌ನ ಕೊನೆಯ ನಾಲ್ಕಂಕಿ ಕೇಳುತ್ತದೆ. ಹೆಸರು, ಟಿಪ್ಪಣಿ ತೋರಿಸುವಾಗ ಎಚ್‌ಟಿಎಂಎಲ್ ಚಿಹ್ನೆಗಳನ್ನು ನಿಷ್ಕ್ರಿಯ ಮಾಡಿಯೇ ತೋರಿಸುತ್ತದೆ. ಮೊದಲು ಯುಆರ್‌ಎಲ್‌ನಲ್ಲಿದ್ದದ್ದನ್ನು ಹಾಗೆಯೇ ಪುಟಕ್ಕೆ ಸುರಿಯುತ್ತಿದ್ದೆ, ಯಾರಾದರೂ ಸ್ಕ್ರಿಪ್ಟ್ ತುರುಕಿ ಲಿಂಕ್ ಹಂಚಿದ್ದರೆ ಅದೂ ಓಡುತ್ತಿತ್ತು.

ಸೆಷನ್‌ನಲ್ಲಿ, ಅಂದರೆ ಬ್ರೌಸರ್‌ನಲ್ಲಿ ಕುಕಿ ಎಂಬ ಗುರುತು ಇಟ್ಟು ಸರ್ವರ್ ಕಾಪಾಡುವ ತಾತ್ಕಾಲಿಕ ನೆನಪಿನಲ್ಲಿ, ಇಡಬಹುದಿತ್ತಲ್ಲ ಎಂದು ಇಬ್ಬರು ಗೆಳೆಯರು ಕೇಳಿದರು. ಫಾರ್ಮ್‌ನಲ್ಲಿ ತಪ್ಪಿದ್ದು ವಾಪಸ್ ಕಳಿಸುವಾಗ ತುಂಬಿದ್ದೆಲ್ಲ ಉಳಿಯಲಿ ಎಂದು ಸೆಷನ್ನನ್ನೇ ಬಳಸಿದ್ದೇನೆ. ಒಂದು ಸಲ ತೋರಿಸಿ ಅಳಿಸುವ ಮಾಲಿಗೆ ಅದು ಸರಿ. ಖಾತ್ರಿಗೆ ಬೇಡ ಎನಿಸಿತು. ನಮ್ಮ ಗಿರಾಕಿಗಳು ಫೇಸ್‌ಬುಕ್‌ನ ಒಳಗಿನ ಬ್ರೌಸರ್‌ನಲ್ಲಿ ಫಾರ್ಮ್ ತುಂಬಿ, ಹಣ ಕಟ್ಟಿ ಬಂದು ಕ್ರೋಮ್‌ನಲ್ಲಿ ತೆರೆಯುತ್ತಾರೆ. ಕುಕಿ ಬೇರೆ, ಸೆಷನ್ ಬೇರೆ, ಪುಟ ಖಾಲಿ. ಮರುದಿನ "ನನ್ನ ಆರ್ಡರ್ ಎಲ್ಲೈತಿ" ಎನ್ನುವವರಿಗೂ ಒಂದು ಲಿಂಕ್ ಬೇಕು.

ರೀಡೈರೆಕ್ಟ್‌ನ ಸಂಖ್ಯೆಯಲ್ಲೂ ಒಮ್ಮೆ ಮುಗ್ಗರಿಸಿದೆ. ಪಿಎಚ್‌ಪಿ ತಾನಾಗಿ ಕಳಿಸುವುದು 302. ಪೋಸ್ಟ್ ಆದ ಮೇಲೆ 302 ಬಂದರೆ ಬ್ರೌಸರ್‌ಗಳು ಗೆಟ್ ಆಗಿ ಬದಲಿಸಿಕೊಂಡು ಹೋಗುವುದು ರೂಢಿಯಿಂದ ಬಂದದ್ದು. ಎಚ್‌ಟಿಟಿಪಿಯ ನಿಯಮ ಬರೆದ 1999ರ ಆರ್‌ಎಫ್‌ಸಿ 2616 ಎರಡನ್ನೂ ಬಿಡಿಸಿ ಇಟ್ಟಿತು: 303 ಎಂದರೆ ಗೆಟ್ ಆಗಿಯೇ ಹೋಗು, 307 ಎಂದರೆ ಬಂದ ವಿಧಾನದಲ್ಲೇ ಹೋಗು. 307 ಹಾಕಿದರೆ ಪೋಸ್ಟ್‌ನ ಮಾಲು ತಾನಾಗಿ ಮುಂದಿನ ಪುಟಕ್ಕೆ ಹೋಗುತ್ತದಲ್ಲ ಎಂದು ಆಸೆಪಟ್ಟು ಹಾಕಿ ನೋಡಿದೆ. ಹೋಯಿತು, ಜೊತೆಗೆ ರಿಫ್ರೆಶ್ ಮಾಡಿದಾಗ "ಮತ್ತೆ ಕಳಿಸಲೇ?" ಎಂಬ ಹಳೆಯ ಪೀಡೆಯೂ ಮರಳಿತು. ಈಗ 303, ಅದರ ಕೆಳಗೆ ಎಕ್ಸಿಟ್.

ಬಟನ್ ಎರಡು ಸಲ ಒತ್ತುವವರಿಗೆ ಇದ್ಯಾವುದೂ ಮದ್ದಲ್ಲ. ಅದಕ್ಕೆ ಫಾರ್ಮ್ ತೆರೆದಾಗಲೇ ಅಡಗಿಸಿದ ಒಂದು ಗುರುತು ಕೊಟ್ಟು, ಅದು ಒಮ್ಮೆ ಬಳಕೆಯಾದರೆ ಎರಡನೆಯ ಸಲ ಹಳೆಯ ಖಾತ್ರಿಯನ್ನೇ ತೋರಿಸುತ್ತೇನೆ.

ಯುಆರ್‌ಎಲ್‌ನಲ್ಲಿ ವಿವರ ಕಳಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸೀರೆಗಳ ಪಟ್ಟಿಯಲ್ಲಿ "ಬಣ್ಣ=ಹಸಿರು&ಪುಟ=2" ಎಂಬುದನ್ನು ಹಾಗೇ ಬಿಟ್ಟಿದ್ದೇನೆ. ಅದು ಗ್ರೂಪ್‌ಗೆ ಹಾಕಲೆಂದೇ ಇರುವ ಲಿಂಕ್, ಹಾಕಿದರೆ ಕಾಕಾಗೆ ಖುಷಿ. ಕ್ಯೂಆರ್‌ನೊಳಗಿನ ಯುಪಿಐ ಲಿಂಕ್ ಕೂಡ ಇದೇ ಜಾತಿ: ಪಿಎ ಎಂದರೆ ಹಣ ಪಡೆಯುವವರ ಐಡಿ, ಪಿಎನ್ ಅವರ ಹೆಸರು, ಎಎಂ ಮೊತ್ತ, ನಡುವೆ ಅದೇ & ಚಿಹ್ನೆ. ಅಂಗಡಿಯ ಹೆಸರಲ್ಲಿ & ಇದ್ದವರು ಅಲ್ಲಿಯೂ %26 ಬರೆಯಲೇಬೇಕು.

ಹಳೆಯ ಲಾಗ್‌ಗಳನ್ನು ಅಳಿಸಿದೆ, ಅಂಗಡಿಯ ಕಂಪ್ಯೂಟರ್‌ನ ಹಿಸ್ಟರಿಯನ್ನು ವೈನಿಯ ಎದುರೇ ತೆಗೆದೆ. ಹೆಚ್ಚಾಗಿ ಎತ್ತಿಟ್ಟಿದ್ದ ನಾಲ್ಕು ಸೀರೆಯನ್ನು ಕಾಕಾ ಮತ್ತೆ ಕಪಾಟಿಗೆ ಸೇರಿಸಿದರು. ಕೆಂಪು ದಡಿಯ ಸೀರೆ ಅಂಗಡಿ ಖರ್ಚಿನಲ್ಲಿ ಹೋಯಿತು, ಪಾರ್ಸೆಲ್ ದುಡ್ಡು ನಾನು ಕೊಟ್ಟೆ. ಹಳೆಯ ಖಾತ್ರಿ ಲಿಂಕ್‌ಗಳಿಗೆ ಈಗ 410 ಉತ್ತರ ಹೋಗುತ್ತದೆ, ಅಂದರೆ ಇಲ್ಲಿದ್ದದ್ದು ಹೋಗಿದೆ, ಮತ್ತೆ ಬರುವುದಿಲ್ಲ. ಹೊಸ ಲಾಗ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದಿನದನ್ನು ಬರೆಯದಂತೆ ಮಾಡಿದ್ದರಿಂದ ಯಾವ ಲಿಂಕ್ ಎಂದು ಕಾಣುವುದಿಲ್ಲ, ಆದರೆ ಹೋದ ವಾರವೂ ಒಂದು ಮೊಬೈಲ್‌ನಿಂದ ಹಳೆಯದೊಂದನ್ನು ಯಾರೋ ತೆರೆದಿದ್ದರು.